ವರ್ಷಕ್ಕೆ ಎರಡೇ ಗಂಟೆ

ನೆಲದಿಂದ ನಾಲ್ಕು ಮೀಟರ್ ಮೇಲೆ, ಎರಡೂ ಚಕ್ರಗಳು ಗಾಳಿಯಲ್ಲಿರುವಾಗ ಹಿಂದಿನ ಬ್ರೇಕ್ ಒತ್ತಿದರೆ ಏನಾಗುತ್ತದೆ? ಏನೂ ಆಗಬಾರದು. ಚಕ್ರಕ್ಕೆ ತಾಗುವ ನೆಲವೇ ಇಲ್ಲವಲ್ಲ, ಬ್ರೇಕು ನಿಲ್ಲಿಸುವುದಾದರೂ ಯಾವುದನ್ನು? ಆದರೆ ಆಗುತ್ತದೆ! ಬೈಕಿನ ಮೂತಿ ಕೆಳಕ್ಕೆ ಬಾಗುತ್ತದೆ. ಬ್ರೇಕು ಬಿಟ್ಟು ಆ್ಯಕ್ಸಿಲರೇಟರ್ ತಿರುವಿದರೆ ಅದೇ ಮೂತಿ ಮೇಲಕ್ಕೇಳುತ್ತದೆ. ರಭಸದಿಂದ ತಿರುಗುತ್ತಿರುವ ಹಿಂದಿನ ಚಕ್ರದಲ್ಲಿ ಒಂದು ಕೋನೀಯ ಸಂವೇಗ ಇರುತ್ತದೆ. ಚಕ್ರವನ್ನು ಥಟ್ಟನೆ ನಿಲ್ಲಿಸಿದರೆ ಆ ಸಂವೇಗ ಎಲ್ಲಿಗೂ ಮಾಯವಾಗುವುದಿಲ್ಲ, ಇಡೀ ಬೈಕಿಗೆ ಹರಿಯುತ್ತದೆ. ಚಕ್ರ ಯಾವ ದಿಕ್ಕಿಗೆ ಸುತ್ತುತ್ತಿತ್ತೋ ಅದೇ ದಿಕ್ಕಿಗೆ ಬೈಕು, ಅದರ ಮೇಲೆ ನಿಂತ ಸವಾರ, ಎರಡೂ ಸೇರಿ ವಾಲುತ್ತವೆ. ಪಿಯುಸಿ ಪುಸ್ತಕದಲ್ಲಿ ಸೂತ್ರವಾಗಿ ಓದಿ ಪರೀಕ್ಷೆ ಮುಗಿಸಿದ ಸಂಗತಿ ಇದು. ಅದನ್ನು ಒಬ್ಬ ಮನುಷ್ಯ ಬಲಗಾಲಿನ ಹೆಬ್ಬೆರಳಿನಿಂದ, ಎರಡು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ, ಆಕಾಶದಲ್ಲಿ ಮಾಡುತ್ತಾನೆ. ನಾಲ್ಕು ಮೀಟರ್ ಎತ್ತರಕ್ಕೆ ಹಾರಿ ಇಳಿಯಲು ಹಿಡಿಯುವುದು 1.8 ಸೆಕೆಂಡು ಮಾತ್ರ. ಆ 1.8 ಸೆಕೆಂಡಿನಲ್ಲಿ ಮೂತಿ ಎಷ್ಟು ಏರಿದೆ ಎಂದು ನೋಡಬೇಕು, ಎದುರಿನ ಇಳಿಜಾರು ಎಷ್ಟು ಓರೆಯಾಗಿದೆ ಎಂದು ಅಳೆಯಬೇಕು, ಬ್ರೇಕೋ ಆ್ಯಕ್ಸಿಲರೇಟರೋ ತೀರ್ಮಾನಿಸಬೇಕು, ಮಾಡಬೇಕು, ಇಳಿಯಬೇಕು. ಇಳಿದ ಕೂಡಲೇ ಮುಂದಿನ ದಿಬ್ಬ!

ಇದಕ್ಕೆ ಮೋಟೋಕ್ರಾಸ್ ಎಂದು ಹೆಸರು. ಕ್ರೀಡಾಂಗಣದೊಳಗೆ ಕೃತಕ ದಿಬ್ಬಗಳನ್ನು ಕಟ್ಟಿ ಆಡಿದರೆ ಸೂಪರ್‌ಕ್ರಾಸ್. ಹೈದರಾಬಾದಿನ ನಮ್ಮ ಹಿಮಾಯತ್‌ನಗರದಲ್ಲಿ ನಿಂತು ಇದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಲಿಬರ್ಟಿ ಚೌಕದಿಂದ ನಾರಾಯಣಗುಡಾವರೆಗೆ ಹುಡುಕಿದರೂ ಒಂದು ಬುಟ್ಟಿ ಸಡಿಲ ಮಣ್ಣು ಸಿಗುವುದಿಲ್ಲ. ಒಂದು ಕಡೆ ತಿರುಮಲ ದೇವಸ್ಥಾನದ ಸಾಲು, ಇನ್ನೊಂದು ಕಡೆ ಉರ್ದು ಹಾಲ್, ನಡುವೆ ಹೋಟೆಲು, ಬಟ್ಟೆ ಅಂಗಡಿ, ಎರಡನೆಯ ಗೇರಿನ ಮೇಲೆ ಹೋಗದ ಸಂಚಾರ. ರೇಸು ಈ ಬಡಾವಣೆಯ ಹತ್ತಿರಕ್ಕೆ ಬಂದದ್ದುಂಟು. 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಡದಲ್ಲಿ 2.8 ಕಿಲೋಮೀಟರಿನ ಸರ್ಕ್ಯೂಟ್ ಮಾಡಿ ಭಾರತದ ಮೊದಲ ಫಾರ್ಮುಲಾ ಇ ಓಟ ನಡೆಸಿದರು, ಫ್ರಾನ್ಸಿನ ಜ್ಯಾನ್ ಎರಿಕ್ ವೆರ್ನ್ ಗೆದ್ದರು. ಆದರೆ ಆ ಓಟ ದೊಡ್ಡ ಕಂಪನಿಗಳದ್ದು. ಬೇಲಿಯಾಚೆ ನಿಂತು ನೋಡುವುದನ್ನು ಬಿಟ್ಟರೆ ಅದರಲ್ಲಿ ನಮ್ಮಂಥವರಿಗೆ ಬಾಗಿಲಿಲ್ಲ.

2025ರ ಡಿಸೆಂಬರಿನಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗಿನ ಎರಡನೆಯ ಆವೃತ್ತಿಯ ಒಂದು ಸುತ್ತು ಇದೇ ಊರಿನ ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣಕ್ಕೆ ಬಂತು. 2024ರ ಮೊದಲ ಆವೃತ್ತಿ ಪುಣೆ, ಅಹಮದಾಬಾದ್, ಬೆಂಗಳೂರು ಸುತ್ತಿ ಮುಗಿದಿತ್ತು. ಅಥ್ಲೆಟಿಕ್ಸಿಗೆಂದು ಕಟ್ಟಿದ ಜಾಗದ ಮೇಲೆ ಮಣ್ಣು ಸುರಿದು, ಬೆಟ್ಟ ಗುಡ್ಡ ಎಬ್ಬಿಸಿ, ಓಟ ಮುಗಿದ ಮೇಲೆ ಅಷ್ಟನ್ನೂ ಬಳಿದು ಒಯ್ಯುವ ಆಟ ಇದು. ಆ ಲೀಗಿನಲ್ಲಿ ವಿದೇಶಿ ಸವಾರರ 450 ಸಿಸಿ ವರ್ಗ ಇದೆ, ಅದರ ಪಕ್ಕದಲ್ಲೇ ಭಾರತ ಮತ್ತು ಏಷ್ಯಾದ ಸವಾರರಿಗೆ 250 ಸಿಸಿ ವರ್ಗ ಇದೆ, ಹುಡುಗರಿಗೆ 85 ಸಿಸಿ ವರ್ಗವೂ ಇದೆ. ವಿದೇಶಿಯರನ್ನು ನೋಡಿ ಬೆರಗಾಗುವುದು ಸಹಜ, ಅವರು ಅದನ್ನೇ ಉಂಡು ಮಲಗುವವರು. ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಬೇರೆ ಒಂದು ಸಂಗತಿ: ಈ ದೇಶದ ಮಣ್ಣಿನ ಟ್ರ್ಯಾಕುಗಳಲ್ಲಿ ಓಟ ಶುರುವಾಗುವ ಗೇಟಿನ ಹಿಂದೆ ನಿಲ್ಲುವವರಲ್ಲಿ ಬಹಳ ಮಂದಿಗೆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾಗಿರುತ್ತದೆ!

ಹೇಗೆ ಸಾಧ್ಯ ಇದು? ಮೊದಲು ಆ ಬೈಕನ್ನು ನೋಡಬೇಕು.

450 ಸಿಸಿಯ ಒಂದು ಮೋಟೋಕ್ರಾಸ್ ಬೈಕಿನ ತೂಕ ಸುಮಾರು 110 ಕೆ.ಜಿ. ನಮ್ಮ ಮನೆಮನೆಯ ಸ್ಪ್ಲೆಂಡರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಸ್ಪ್ಲೆಂಡರಿನ ಎಂಜಿನ್ ಕೊಡುವುದು ಎಂಟು ಅಶ್ವಶಕ್ತಿ, ಇದು ಕೊಡುವುದು ಅರವತ್ತರ ಹತ್ತಿರ! ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ಹಾರ್ನ್ ಇಲ್ಲ, ಕನ್ನಡಿ ಇಲ್ಲ, ಸ್ಪೀಡೋಮೀಟರ್ ಇಲ್ಲ, ಕೀಲಿಕೈಯೂ ಇಲ್ಲ. ನಂಬರ್ ಪ್ಲೇಟ್ ಇರುವ ಜಾಗದಲ್ಲಿ ಸವಾರನ ರೇಸ್ ನಂಬರು. ಆರ್‌ಟಿಒದಲ್ಲಿ ನೋಂದಣಿಯಾಗದ ಈ ಬೈಕನ್ನು ಹಿಮಾಯತ್‌ನಗರದ ಮನೆಯಿಂದ ತಿರುವಿನಲ್ಲಿರುವ ಪೆಟ್ರೋಲ್ ಬಂಕಿಗೂ ಓಡಿಸಿಕೊಂಡು ಹೋಗುವಂತಿಲ್ಲ. ಪೆಟ್ರೋಲನ್ನೇ ಕ್ಯಾನಿನಲ್ಲಿ ಅದರ ಬಳಿಗೆ ತರಬೇಕು. ಅದು ಹೋಗಬೇಕಾದ ಕಡೆಗೆ ಬೊಲೆರೊ ಪಿಕಪ್ಪಿನಲ್ಲಿ, ಹ್ಯಾಂಡಲಿಗೆ ಎರಡೂ ಕಡೆ ಪಟ್ಟಿ ಬಿಗಿದು, ಹೊತ್ತುಕೊಂಡು ಹೋಗಬೇಕು.

ಸಸ್ಪೆನ್ಷನ್ ಹನ್ನೆರಡು ಅಂಗುಲ ಕುಗ್ಗಿ ಹಿಗ್ಗುತ್ತದೆ. ಇದರ ಹೊಂದಾಣಿಕೆ ಕಂಡು ನಾನು ದಂಗಾದೆ. ಸವಾರ ತನ್ನ ಬೂಟು, ಹೆಲ್ಮೆಟ್ಟು, ಎದೆಗವಚ ಎಲ್ಲ ಧರಿಸಿ ಬೈಕಿನ ಮೇಲೆ ನಿಲ್ಲುತ್ತಾನೆ; ಗೆಳೆಯನೊಬ್ಬ ಟೇಪು ಹಿಡಿದು ಹಿಂಭಾಗ ಎಷ್ಟು ಕುಸಿಯಿತು ಎಂದು ಅಳೆಯುತ್ತಾನೆ. ದರ್ಜಿ ಅಂಗಿಗೆ ಅಳತೆ ತೆಗೆದುಕೊಂಡ ಹಾಗೆ. ಸುಮಾರು 100 ಮಿಲಿಮೀಟರ್ ಕುಸಿಯಬೇಕು, ನಾಲ್ಕೈದು ಮಿಲಿಮೀಟರ್ ಆಚೀಚೆಯಾದರೂ ತಿರುವಿನಲ್ಲಿ ಬೈಕು ಮಾತು ಕೇಳುವುದಿಲ್ಲ. ಮದುವೆಗಳ ತಿಂಗಳಲ್ಲಿ ಬಿರಿಯಾನಿ ಉಂಡು ಮೂರು ಕೆ.ಜಿ. ಏರಿದರೆ ಸ್ಪ್ರಿಂಗಿನ ಬಿಗಿಯನ್ನೂ ಬದಲಿಸಬೇಕಾದೀತು.

ಈ ಬೈಕಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ, ಗಂಟೆಗಳಲ್ಲಿ ಹಾಕುತ್ತಾರೆ. ಎಂಜಿನ್ನಿಗೆ ಅಂಟಿಸಿದ ಪುಟ್ಟ ಮೀಟರು ಅದು ಎಷ್ಟು ಗಂಟೆ ಉರಿದಿದೆ ಎಂದು ತೋರಿಸುತ್ತದೆ. ಕೆಲವೇ ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು, ಪ್ರತಿ ಸಲ ಓಡಿಸಿದ ಮೇಲೂ ಏರ್ ಫಿಲ್ಟರ್ ಬಿಚ್ಚಿ ತೊಳೆದು ಒಣಗಿಸಿ ಎಣ್ಣೆ ಸವರಬೇಕು, ಐವತ್ತು ಗಂಟೆ ತುಂಬುವುದರೊಳಗೆ ಪಿಸ್ಟನ್ ಬದಲಿಸುವುದು ಹವ್ಯಾಸಿಗಳಲ್ಲೂ ರೂಢಿ. ರಸ್ತೆ ಬೈಕಿನ ಪಿಸ್ಟನ್ ಹತ್ತಾರು ಸಾವಿರ ಕಿಲೋಮೀಟರ್ ಬಾಳುತ್ತದೆ. ಇಲ್ಲಿ ಐವತ್ತು ಗಂಟೆ ಎಂದರೆ ಹೆಚ್ಚೆಂದರೆ ಎರಡು ಸಾವಿರ ಕಿಲೋಮೀಟರು. ಅಷ್ಟು ಸುಟ್ಟುಕೊಂಡು ಓಡುತ್ತದೆ ಇದು.

ಈಗ ಲೆಕ್ಕಕ್ಕೆ ಬರೋಣ, ನನ್ನ ನಿದ್ದೆ ಕೆಡಿಸಿದ ಲೆಕ್ಕ. ಹಿಮಾಯತ್‌ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಹವ್ಯಾಸಿ ಸವಾರನೊಬ್ಬ ಇದ್ದಾನೆ ಎಂದುಕೊಳ್ಳಿ. ಮಾಧಾಪುರದಲ್ಲಿ ಕೆಲಸ, ಶನಿವಾರ ಭಾನುವಾರ ರಜೆ. ವರ್ಷಕ್ಕೆ ಆರು ಸುತ್ತಿಗೆ ಹೋಗುತ್ತಾನೆ. ಮೂರು ಬೆಂಗಳೂರಿನ ಕಡೆ, ಮೂರು ಪುಣೆಯ ಕಡೆ ಇರಲಿ. ಹೈದರಾಬಾದಿನಿಂದ ಎರಡೂ ಹೆಚ್ಚುಕಡಿಮೆ ಒಂದೇ ದೂರ, 570 ಕಿಲೋಮೀಟರ್ ಎಂದಿಟ್ಟುಕೊಳ್ಳಬಹುದು. ಹೋಗಿ ಬರುವುದು ಆರು ಸಲ: 6,840 ಕಿಲೋಮೀಟರು. ಬೈಕು ಹೊತ್ತ ಪಿಕಪ್ಪು ಗಂಟೆಗೆ ಅರವತ್ತರ ಸರಾಸರಿಯಲ್ಲಿ ಓಡಿದರೆ 114 ಗಂಟೆ ರಸ್ತೆಯ ಮೇಲೆಯೇ ಕಳೆಯಿತು. ಇನ್ನು ರೇಸು? ಒಂದು ಸುತ್ತಿನಲ್ಲಿ ಎರಡು ಮೋಟೋ, ಅಂದರೆ ಎರಡು ಓಟ, ಒಂದೊಂದಕ್ಕೆ ಹತ್ತು ನಿಮಿಷ. ಆರು ಸುತ್ತಿಗೆ ಒಟ್ಟು ಎರಡು ಗಂಟೆ.

ಎರಡೇ ಗಂಟೆ! 365 ದಿನದ ವರ್ಷದಲ್ಲಿ ಒಂದು ಸಿನಿಮಾ ಮುಗಿಯುವಷ್ಟು ಹೊತ್ತು. ಬೆಳಗಿನ ಐದು ಗಂಟೆಯ ವ್ಯಾಯಾಮ, ಸಂಬಳದಿಂದ ತೆಗೆದಿಟ್ಟ ದುಡ್ಡು, ತಪ್ಪಿಸಿದ ಮದುವೆ ಮುಂಜಿ, ಗಾಡಿ ಬಾಡಿಗೆ, ಟಯರು, ಎಲ್ಲ ಆ ಎರಡು ಗಂಟೆಯ ಸುತ್ತ ಹೆಣೆದುಕೊಂಡಿವೆ. ಬಿದ್ದರೆ ಆ ಎರಡು ಗಂಟೆಯೂ ಇಲ್ಲ. ಮೊದಲ ತಿರುವಿನಲ್ಲೇ ಇನ್ನೊಬ್ಬನ ಚಕ್ರ ತಾಗಿ ಕಾಲರ್ ಬೋನ್ ಮುರಿಯಿತು ಎಂದರೆ (ಈ ಆಟದಲ್ಲಿ ಪದೇ ಪದೇ ಮುರಿಯುವ ಮೂಳೆ ಅದು) 1,140 ಕಿಲೋಮೀಟರಿನ ಪ್ರಯಾಣಕ್ಕೆ ದಕ್ಕಿದ್ದು ಹತ್ತು ಸೆಕೆಂಡಿನ ರೇಸು. ಹೀಗಿದ್ದೂ ಅವರು ಮುಂದಿನ ಸುತ್ತಿಗೆ ಪಿಕಪ್ಪು ಗೊತ್ತುಮಾಡುತ್ತಾರೆ.

ಆ ರಸ್ತೆಗಳನ್ನು ನಾನು ಬಲ್ಲೆ. ಹೈದರಾಬಾದಿನ ಕನ್ನಡಿಗರೆಲ್ಲ ಬಲ್ಲರು. ಪುಣೆಗೆ ಹೊರಟರೆ ಜಹೀರಾಬಾದ್ ದಾಟಿದ ಮೇಲೆ ಬೀದರ್ ಜಿಲ್ಲೆಯ ಹುಮನಾಬಾದ್, ಅಲ್ಲಿ ಚಹಾ, ಅಂಗಡಿಯ ಬೋರ್ಡಿನಲ್ಲಿ ಕನ್ನಡ. ಆಮೇಲೆ ನಳದುರ್ಗ, ಸೊಲ್ಲಾಪುರ. ಬೆಂಗಳೂರಿಗೆ ಹೊರಟರೆ ಜಡಚರ್ಲ, ಕರ್ನೂಲಿನ ಬಳಿ ತುಂಗಭದ್ರೆಯ ಸೇತುವೆ, ಅನಂತಪುರ, ಪೆನುಕೊಂಡ, ಬಾಗೇಪಲ್ಲಿ. ರಾತ್ರಿ ಒಂಬತ್ತಕ್ಕೆ ಹೊರಟ ಪಿಕಪ್ಪು ಬಾಗೇಪಲ್ಲಿ ಮುಟ್ಟುವಾಗ ಬೆಳಕು ಹರಿಯುತ್ತಿರುತ್ತದೆ. ಅದರ ಹಿಂಭಾಗದಲ್ಲಿ ತಾರ್ಪಾಲು ಹೊದ್ದ ಬೈಕು, ಒಂದು ಜೊತೆ ಟಯರು, ಉಪಕರಣದ ಪೆಟ್ಟಿಗೆ, ಪುತ್ಲಿಬೌಲಿಯ ಅಂಗಡಿಯಲ್ಲಿ ಕೊಂಡ ನಟ್ಟು ಬೋಲ್ಟು, ಕೇಬಲ್ಲು. ನಿದ್ದೆಗೆಟ್ಟ ಆ ಸವಾರ ಎರಡು ಗಂಟೆಯ ನಂತರ ಸ್ಕ್ರೂಟಿನಿಗೆ ನಿಲ್ಲಬೇಕು. ಹೆಲ್ಮೆಟ್ಟು, ಕುತ್ತಿಗೆಯ ಬ್ರೇಸ್, ಬ್ರೇಕು, ಹ್ಯಾಂಡಲಿನ ತುದಿ ಎಲ್ಲ ತೋರಿಸಿ ಸೈ ಅನ್ನಿಸಿಕೊಳ್ಳಬೇಕು. ಜೇಬಿನಲ್ಲಿ ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟದ ಲೈಸೆನ್ಸು.

ಮುಂದೆ ಗೇಟು. ಹದಿನೈದೋ ಇಪ್ಪತ್ತೋ ಬೈಕುಗಳು ಒಂದೇ ಸಾಲಿನಲ್ಲಿ. ಮುಂದಿನ ಚಕ್ರಕ್ಕೆ ತಾಗಿದಂತೆ ಒಂದು ಕಬ್ಬಿಣದ ಅಡ್ಡಪಟ್ಟಿ. ಎಚ್ಚರಿಕೆಯ ಕಡೆಯ ಬೋರ್ಡು ತೋರಿಸಿದ ಮೇಲೆ ಐದರಿಂದ ಹತ್ತು ಸೆಕೆಂಡಿನೊಳಗೆ ಯಾವ ಕ್ಷಣದಲ್ಲಾದರೂ ಅದು ಸವಾರನ ಕಡೆಗೇ ಮಗುಚಿ ಬೀಳುತ್ತದೆ. ಬೀಳುವ ಮೊದಲೇ ನುಗ್ಗಿದರೆ ಚಕ್ರ ಸಿಕ್ಕಿಬೀಳುತ್ತದೆ, ಅರೆಕ್ಷಣ ತಡವಾದರೆ ಎಲ್ಲರ ಹಿಂದೆ. ಹಾಗಾಗಿ ಸವಾರರು ಗೇಟಿನ ಹಿಂದಿನ ಮಣ್ಣನ್ನು ಬೂಟುಗಾಲಿನಿಂದ ತುಳಿದು, ಸಮ ಮಾಡಿ, ಚಕ್ರಕ್ಕೊಂದು ಹಾದಿ ಕೊರೆದುಕೊಳ್ಳುತ್ತಾರೆ. ಬೈಕಿಗೆ ಲಕ್ಷಗಟ್ಟಲೆ ಸುರಿದವರು ಕಡೆಯ ಗಳಿಗೆಯಲ್ಲಿ ಮಣ್ಣನ್ನು ಕಾಲಿನಿಂದ ಹದ ಮಾಡುವ ಆ ತನ್ಮಯತೆಯನ್ನು ಎಷ್ಟು ನೋಡಿದರೂ ನನಗೆ ಸಾಲದು.

ಗೇಟು ಬಿತ್ತು! ಇಲ್ಲಿಂದ ಮುಂದೆ ದೇಹದ ಕಥೆ. ಸೀಟು ಇದೆ, ಆದರೆ ಕೂರುವುದು ತಿರುವಿನಲ್ಲಿ ಮಾತ್ರ. ಉಳಿದಂತೆ ಫುಟ್‌ಪೆಗ್ ಮೇಲೆ ನಿಂತು, ಮೊಣಕಾಲಿನಿಂದ ಟ್ಯಾಂಕು ಅವುಚಿ, ಮೊಣಕೈ ಅಗಲಿಸಿ, ಒಂದೇ ಬೆರಳು ಕ್ಲಚ್ಚಿನ ಮೇಲಿಟ್ಟು ಓಡಿಸಬೇಕು. ಫಿನ್‌ಲೆಂಡಿನ ಸಂಶೋಧಕರು ಸವಾರರ ಮೈಗೆ ಉಪಕರಣ ಕಟ್ಟಿ ಟ್ರ್ಯಾಕಿಗೆ ಬಿಟ್ಟು ಅಳೆದಿದ್ದಾರೆ: ಹೃದಯದ ಬಡಿತ ಆ ದೇಹಕ್ಕೆ ಸಾಧ್ಯವಿರುವ ಗರಿಷ್ಠದ ಶೇಕಡಾ 90ಕ್ಕಿಂತ ಮೇಲೆಯೇ ಇರುತ್ತದೆ. ಮುಂಗೈಯ ಸ್ನಾಯುಗಳು ಉಬ್ಬಿ ಕಲ್ಲಾಗುತ್ತವೆ, ರಕ್ತ ಒಳಹೋಗುತ್ತದೆ, ಹೊರಬರಲು ದಾರಿಯಿಲ್ಲ. ಬೆರಳುಗಳು ಬ್ರೇಕಿನ ಲಿವರ್ ಎಲ್ಲಿದೆ ಎಂಬುದನ್ನೇ ಮರೆಯುತ್ತವೆ. ಸವಾರರು ಇದಕ್ಕೆ ಆರ್ಮ್ ಪಂಪ್ ಎನ್ನುತ್ತಾರೆ, ಹೇಳುವಾಗ ಮುಂಗೈ ಹಿಡಿದುಕೊಳ್ಳುತ್ತಾರೆ. ಮುಂದಿನ ಬೈಕು ಎಸೆದ ಮಣ್ಣು ಕನ್ನಡಕಕ್ಕೆ ಬಡಿಯುತ್ತದೆ. ಕನ್ನಡಕದ ಮೇಲೆ ತೆಳುವಾದ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿರುತ್ತಾರೆ. ಮಸುಕಾದ ಕೂಡಲೇ ಒಂದು ಕೈ ಬಿಟ್ಟು ಮೇಲಿನ ಹಾಳೆ ಕಿತ್ತೆಸೆದರೆ ಲೋಕ ಮತ್ತೆ ನಿಚ್ಚಳ. ಆ ಕೈ ಬಿಡುವುದಕ್ಕೆ ಪುರುಸೊತ್ತು ಸಿಗುವುದೆಲ್ಲಿ ಗೊತ್ತೇ? ಎಷ್ಟೋ ಸಲ ಗಾಳಿಯಲ್ಲಿ, ಆ 1.8 ಸೆಕೆಂಡಿನಲ್ಲಿ!

ಈ ಹುಚ್ಚು ನಿನ್ನೆ ಮೊನ್ನೆಯದಲ್ಲ. 1924ರ ಮಾರ್ಚ್ 29ರಂದು ಇಂಗ್ಲೆಂಡಿನ ಕ್ಯಾಂಬರ್ಲಿ ಎಂಬಲ್ಲಿ ನಡೆದ ಓಟವನ್ನು ಇದರ ಮೂಲ ಎನ್ನುತ್ತಾರೆ. 1972ರಲ್ಲಿ ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಒಲಿಂಪಿಕ್ಸ್ ನಡೆದ ಕ್ರೀಡಾಂಗಣದೊಳಗೇ ದಿಬ್ಬ ಕಟ್ಟಿ ಓಡಿಸಿದರು. ಗೆದ್ದ ಮಾರ್ಟಿ ಟ್ರೈಪ್ಸ್‌ಗೆ ಆಗ 16 ವರ್ಷ. ನಮ್ಮವರ ಪಾಲೂ ಇದರಲ್ಲಿದೆ. 1961ರಲ್ಲಿ ಬೈಕು ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳು ಈ ದೇಶದ ಮಣ್ಣಿನ ರೇಸುಗಳಲ್ಲಿ ಹಾರಾಡಿದವು. ಹಾಲಿನ ಕ್ಯಾನು, ತೆಂಗಿನಕಾಯಿ ಮೂಟೆ ಹೊತ್ತ ಅದೇ ಯೆಜ್ಡಿಯ ಮಡ್‌ಗಾರ್ಡು ಕಳಚಿ, ಹ್ಯಾಂಡಲು ಅಗಲ ಮಾಡಿ ಭಾನುವಾರ ಗುಡ್ಡ ಹಾರಿಸಿದವರು ಅವತ್ತಿನ ಹವ್ಯಾಸಿಗಳು. ಇವತ್ತು ಅದೇ ಜಾಗದಲ್ಲಿ ಹೀರೋದ ಎಕ್ಸ್‌ಪಲ್ಸ್ 200 ಇದೆ. ವಾರವಿಡೀ ಕಚೇರಿಗೆ, ಭಾನುವಾರ ಮಣ್ಣಿಗೆ. ಆಮದಾಗುವ ಕವಾಸಾಕಿ ಕೆಎಕ್ಸ್ 250ಕ್ಕೆ ಎಂಟು ಲಕ್ಷದ ಆಸುಪಾಸು ತೆರಲಾಗದವರಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ದೇಶಿ ಬೈಕುಗಳ ವರ್ಗವೇ ಇದೆ. ಹೊಸಬರಿಗೆ ನಾವಿಸ್ ವರ್ಗ, ಕಂಪನಿಯ ಬೆಂಬಲವಿಲ್ಲದೆ ಪಳಗಿದವರಿಗೆ ಪ್ರೈವೇಟ್ ಎಕ್ಸ್‌ಪರ್ಟ್, ರೇಸು ಯಾವ ಊರಿಗೆ ಬಂದಿದೆಯೋ ಆ ಊರಿನವರಿಗೇ ಒಂದು ಲೋಕಲ್ ವರ್ಗ! ಯಾವ ಕ್ರೀಡೆಯ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಊರ ಹುಡುಗರಿಗೆ ಹೀಗೆ ಜಾಗ ಬಿಟ್ಟಿರುತ್ತಾರೆ ಹೇಳಿ.

ಇಂಥ ಮಣ್ಣಿನಿಂದಲೇ ಎದ್ದುಹೋದವರ ಹೆಸರು ಕನ್ನಡಿಗರಿಗೆ ಗೊತ್ತು. ಚುಂಚನಕುಪ್ಪೆಯ ಹೆಸರನ್ನು ತನ್ನ ಹೆಸರಿನ ಮೊದಲಲ್ಲೇ ಹೊತ್ತ ಸಿ.ಎಸ್. ಸಂತೋಷ್ ಸೂಪರ್‌ಕ್ರಾಸಿನಲ್ಲಿ ಪಳಗಿ, 2015ರಲ್ಲಿ ಮರುಭೂಮಿಯ ದೀರ್ಘ ಓಟವಾದ ಡಕಾರ್ ರ‍್ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯರಾದರು, 36ನೆಯ ಸ್ಥಾನ. 2021ರ ಡಕಾರಿನಲ್ಲಿ ಭೀಕರವಾಗಿ ಬಿದ್ದು, ವೈದ್ಯರು ಔಷಧಿಯಿಂದಲೇ ಪ್ರಜ್ಞೆ ತಪ್ಪಿಸಿ ಇಡಬೇಕಾದ ಸ್ಥಿತಿಗೆ ಹೋಗಿ, ಎದ್ದು ಬಂದರು. ಕೋಲಾರದ ಕಡೆ ಅವರು ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕಿನಲ್ಲಿ ಇವತ್ತು ಕಚೇರಿಯ ಐಡಿ ಕಾರ್ಡು ಕಳಚಿಟ್ಟು ಬಂದವರೂ ಫುಟ್‌ಪೆಗ್ ಮೇಲೆ ನಿಲ್ಲುವುದನ್ನು ಕಲಿಯುತ್ತಾರೆ; ಲೀಗಿನ ಮೊದಲ ಆವೃತ್ತಿಯನ್ನು ಗೆದ್ದದ್ದೂ ಬಿಗ್ ರಾಕ್ ತಂಡವೇ. ಉಡುಪಿಯ ಕೆ.ಪಿ. ಅರವಿಂದ್ ಬಿಗ್ ಬಾಸ್ ಎಂಟನೆಯ ಆವೃತ್ತಿಯಿಂದ ಮನೆಮಾತಾದರು. ಆದರೆ ಅದಕ್ಕೆ ಮೊದಲೇ, 2019ರಲ್ಲಿ, ಪೆರುವಿನ ಮರಳಿನಲ್ಲಿ ಡಕಾರ್ ಮುಗಿಸಿ 37ನೆಯವರಾಗಿ ಬಂದಿದ್ದರು. ಇನ್ನು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ! ಟಿವಿ ಕಾರ್ಯಕ್ರಮವೊಂದಕ್ಕಾಗಿ ಕಛ್‌ನ ರಣ್‌ನಿಂದ ಚಿರಾಪುಂಜಿಯವರೆಗೆ 24 ದಿನ ಬೈಕಿನಲ್ಲಿ ಹೋದ ಹುಡುಗಿ. 2018ರಲ್ಲಿ ಸ್ಪೇನಿನ ಕ್ರಾಸ್‌ಕಂಟ್ರಿ ಓಟವಾದ ಬಾಹಾ ಅರಗಾನ್‌ನಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಮರುವರ್ಷವೇ ದುಬೈ, ಪೋರ್ಚುಗಲ್, ಸ್ಪೇನ್, ಹಂಗೆರಿ ಸುತ್ತಿ, ಎರಡನೆಯವರಿಗಿಂತ ನಾಲ್ಕೇ ಅಂಕ ಮುಂದಿದ್ದು, ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು.

ಇವರೆಲ್ಲ ಕೊನೆಗೆ ಆಟವನ್ನೇ ಬದುಕು ಮಾಡಿಕೊಂಡವರು. ಕೆಲಸವನ್ನೂ ಬಿಡದೆ ಓಡಿದವರಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಮುಂಬೈಯ ಆಶಿಷ್ ರಾವ್‌ರಾಣೆ ಅವರನ್ನು. ಅವರ ವೃತ್ತಿ ಮರ್ಚೆಂಟ್ ನೇವಿ. ತಿಂಗಳುಗಟ್ಟಲೆ ಹಡಗು, ಸುತ್ತ ನೀರು, ಬೈಕು ಓಡಿಸಲು ಒಂದು ಅಡಿ ಮಣ್ಣಿಲ್ಲ. ದಡಕ್ಕೆ ಬಂದಾಗ ರ‍್ಯಾಲಿ. 2021ರಲ್ಲಿ ಅವರು ಡಕಾರಿಗೆ ಹೋದದ್ದು ಮೆಕ್ಯಾನಿಕ್ಕೇ ಇಲ್ಲದ ವರ್ಗದಲ್ಲಿ. ಆ ವರ್ಗದ ಸವಾರನಿಗೆ ಒಂದು ಪೆಟ್ಟಿಗೆ, ಒಂದು ಗುಡಾರ, ಟಯರು ಇಷ್ಟೇ. ದಿನವಿಡೀ ಮರುಭೂಮಿಯಲ್ಲಿ ಓಡಿಸಿ, ರಾತ್ರಿ ತನ್ನ ಬೈಕನ್ನು ತಾನೇ ಬಿಚ್ಚಿ ಜೋಡಿಸಿ, ಉಳಿದ ಹೊತ್ತಿನಲ್ಲಿ ಮಲಗಿ, ನಸುಕಿಗೆ ಮತ್ತೆ ಹೊರಡಬೇಕು. ಅವರು ಆ ವರ್ಷ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಸಮುದ್ರದಿಂದ ನೇರ ಮರಳಿಗೆ ನಡೆದವರ ಆ ಧೈರ್ಯಕ್ಕೆ ಸ್ಥಾನಪಟ್ಟಿ ಏನು ಹೇಳಬಲ್ಲದು?

ಮಳೆಗಾಲ ಮುಗಿದು ಮಣ್ಣು ಆರಿದ ಮೇಲೆ ರೇಸುಗಳು ಒಂದೊಂದಾಗಿ ಊರಿಗೆ ಬರತೊಡಗುತ್ತವೆ. ನಿಮ್ಮೂರಿಗೋ ಪಕ್ಕದೂರಿಗೋ ಬಂದರೆ ಹೋಗಿ. ವಿದೇಶಿ ಬೈಕುಗಳ ಫೈನಲ್‌ಗೆಂದು ಸಂಜೆ ಹೋಗಬೇಡಿ, ಬೆಳಿಗ್ಗೆ ನಾವಿಸ್ ಮತ್ತು ಲೋಕಲ್ ವರ್ಗದ ಹೊತ್ತಿಗೇ ಹೋಗಿ. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಧೂಳಿಗೆ ಒಂದು ಟವೆಲ್ಲು. ಮುಕ್ತಾಯದ ಗೆರೆಯ ಬಳಿ ಎಲ್ಲರೂ ನೂಕಾಡುತ್ತಾರೆ, ಅದನ್ನು ಬಿಟ್ಟು ಮೊದಲ ತಿರುವಿನ ಬೇಲಿಯ ಹಿಂದೆ ನಿಲ್ಲಿ. ಗೇಟು ಬಿದ್ದ ಕೂಡಲೇ ಇಪ್ಪತ್ತು ಬೈಕುಗಳು ಒಂದೇ ಬೈಕಿಗೆ ಸಾಲುವಷ್ಟು ಜಾಗದತ್ತ ನಿಮ್ಮ ಎದುರಿಗೇ ನುಗ್ಗಿ ಬರುತ್ತವೆ, ನಿಮ್ಮ ಕಾಲ ಕೆಳಗಿನ ನೆಲ ನಡುಗುತ್ತದೆ, ಆ ಇಪ್ಪತ್ತರಲ್ಲಿ ಒಬ್ಬ ಹಿಂದಿನ ರಾತ್ರಿಯೆಲ್ಲ ಪಿಕಪ್ಪಿನಲ್ಲಿ ಕೂತು ತುಂಗಭದ್ರೆ ದಾಟಿ ಬಂದಿರುತ್ತಾನೆ!